ಕಾರವಾರ ಸೀಮೆಯ ಕ್ರೈಸ್ತರು: ದೈವಶಾಸ್ತ್ರ ಮತ್ತು ರೂಢಿ

ದೇವರ ಸ್ವರೂಪ, ತ್ರಿತ್ವ, ಕೃಪೆ, ಪಾಪ, ಮುಕ್ತಿ, ಸಂಸ್ಕಾರಗಳ ಸಿಂಧುತ್ವ ಮುಂತಾದವನ್ನು ತರ್ಕಬದ್ಧವಾಗಿ ವಿವೇಚಿಸುವ ಶಾಸ್ತ್ರವೇ ಕ್ರೈಸ್ತ ದೈವಶಾಸ್ತ್ರ. ಅದನ್ನು ಕಲಿಯುವವರು ಗುರುಮಠದ ವಿದ್ಯಾರ್ಥಿಗಳು. ಅದರ ಗಡಿ ಗೊತ್ತುಮಾಡುವುದು ಮಹಾಸಭೆಗಳು ಮತ್ತು ರೋಮಿನ ಪೀಠ. ಅದೇ ಧರ್ಮದ ಮನೆಗಳಲ್ಲಿ ಮದುವೆಯ ಹಿಂದಿನ ದಿನ ಮಗಳಿಗೆ ತೆಂಗಿನ ಹಾಲು ಹಚ್ಚುತ್ತಾರೆ, ಹೊಸ ತೆನೆಯನ್ನು ದೇವರ ಪೀಠದ ಬಳಿ ಇಡುತ್ತಾರೆ, ಸತ್ತ ಹಿರಿಯರ ಹೆಸರಿನಲ್ಲಿ ಊಟ ಹಾಕುತ್ತಾರೆ. ಶಾಸ್ತ್ರಕ್ಕೂ ರೂಢಿಗೂ ನಡುವಿನ ಅಂತರ ಕ್ರೈಸ್ತ ಲೋಕದಲ್ಲೆಲ್ಲ ಇದೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ ತಾಲೂಕುಗಳಲ್ಲೂ ಘಟ್ಟದ ಮೇಲಿನ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲೂ ಅದಕ್ಕೆ ತನ್ನದೇ ಆದ ಚರಿತ್ರೆಯಿದೆ. ಇಲ್ಲಿಯ ಕ್ರೈಸ್ತರ ಪೂರ್ವಿಕರು ಬಿಟ್ಟುಬಂದ ಗೋವಾದಲ್ಲಿ ಇಂಥ ರೂಢಿಗಳನ್ನು ಧರ್ಮಸಭೆಯ ನ್ಯಾಯಾಲಯವೇ ಒಂದೊಂದಾಗಿ ಹೆಸರಿಟ್ಟು ನಿಷೇಧಿಸಿತ್ತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದೇ ಧರ್ಮಸಭೆ ಜನರ ರೂಢಿಗಳಿಗೆ ಗೌರವ ಸಲ್ಲಬೇಕೆಂದು ಬರೆಯತೊಡಗಿತು.

ಸಮುದಾಯ

ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯ ಪ್ರಕಾರ ಸುಮಾರು 14.37 ಲಕ್ಷ. ಅದರಲ್ಲಿ ಕ್ರೈಸ್ತರು ಶೇಕಡಾ 3ರ ಆಸುಪಾಸು. ಕರಾವಳಿಯ ಕ್ರೈಸ್ತರಲ್ಲಿ ಬಹುಪಾಲು ಜನ ಕೊಂಕಣಿ ಮಾತಾಡುವ ಕಥೋಲಿಕರು, ಗೋವಾದಿಂದ ಬಂದವರ ಸಂತತಿ. ಕಾಳಿ ನದಿ ದಾಟಿ ಮಾಜಾಳಿಯ ಆಚೆ ಹೋದರೆ ಗೋವಾದ ಕಾಣಕೋಣ. ಗಡಿ ಈಚಿನದು, ನೆಂಟಸ್ತಿಕೆ ಹಳೆಯದು. ಘಟ್ಟದ ಮೇಲೆ, ಮುಖ್ಯವಾಗಿ ಹಳಿಯಾಳದ ಕಡೆ, ಕ್ರೈಸ್ತ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ಪೀಳಿಗೆ ಅದು. ಯಲ್ಲಾಪುರ, ಅಂಕೋಲಾ ಕಡೆಯ ಸಿದ್ದಿಗಳು ಹೆಚ್ಚಾಗಿ ಹಿಂದೂಗಳು. ಹಳಿಯಾಳ, ಮುಂಡಗೋಡಗಳಲ್ಲಿ ಮುಸ್ಲಿಮರೂ ಇದ್ದಾರೆ. ಪ್ರೊಟೆಸ್ಟೆಂಟರ ಸಂಖ್ಯೆ ಕಡಿಮೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಂತರ ಪ್ರತಿಮೆಗಳನ್ನೂ ಹರಕೆಗಳನ್ನೂ ಒಪ್ಪದ ಪಂಥಕ್ಕೆ ಸೇರಿದ್ದರಿಂದ ಈ ಲೇಖನದ ವಿಷಯ ಅಲ್ಲಿ ಬೇರೆಯೇ ರೂಪ ತಾಳುತ್ತದೆ.

ಗೋವಾದಿಂದ ಜನ ದಕ್ಷಿಣಕ್ಕೆ ಬಂದದ್ದಕ್ಕೆ ಕಾರಣ ಒಂದೇ ಅಲ್ಲ. ಬರ, ಸಾಂಕ್ರಾಮಿಕ ರೋಗ, ತೆರಿಗೆಯ ಭಾರ, 1683ರ ಸಂಭಾಜಿಯ ದಾಳಿ, 1739ರಲ್ಲಿ ಸಾಲ್ಸೆಟ್ ಮತ್ತು ಬಾರ್ದೇಸಿನ ಮೇಲೆ ಮರಾಠರ ದಂಡಯಾತ್ರೆ, ಇವೆಲ್ಲ ಸೇರಿದವು. ಇವುಗಳ ಜೊತೆಗೆ ಇನ್‌ಕ್ವಿಸಿಷನ್. 1560ರಲ್ಲಿ ಶುರುವಾದ ಈ ಧಾರ್ಮಿಕ ನ್ಯಾಯಾಲಯ ನಡುವೆ 1774ರಿಂದ ನಾಲ್ಕು ವರ್ಷ ನಿಂತದ್ದು ಬಿಟ್ಟರೆ 1812ರವರೆಗೆ ನಡೆಯಿತು. ಅದರ ಕಣ್ಣು ಹೆಚ್ಚಾಗಿ ಬಿದ್ದದ್ದು ಜ್ಞಾನಸ್ನಾನ ಪಡೆದ ಮೇಲೂ ಹಳೆಯ ನಡೆ ಬಿಡದವರ ಮೇಲೆ. ಹಾಗೆ ಓಡಿಬಂದವರಲ್ಲಿ ದೇವರ ಮೂರ್ತಿ ಹೊತ್ತು ತಂದ ಹಿಂದೂಗಳಿದ್ದರು, ಜಪಸರ ಹಿಡಿದು ಬಂದ ಕ್ರೈಸ್ತರೂ ಇದ್ದರು. ಧರ್ಮಸಭೆಯ ನ್ಯಾಯಾಲಯಕ್ಕೆ ಬೆನ್ನು ಹಾಕಿ ಬಂದ ಈ ಕ್ರೈಸ್ತರು ಹೊಸ ಊರಿನಲ್ಲಿ ಇಗರ್ಜಿ ಕಟ್ಟಿಕೊಂಡು ಗೋವಾದಿಂದಲೇ ಪಾದ್ರಿಗಳನ್ನು ಬೇಡಿದರು. ಈ ಸೀಮೆಯ ಶ್ರದ್ಧೆಯ ಗುಣವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಸಂಗತಿ ಇನ್ನೊಂದಿಲ್ಲ.

ದಕ್ಷಿಣದಲ್ಲಿ ಕೆಳದಿ ಅರಸರು ಪೋರ್ಚುಗೀಸರೊಡನೆ 1678ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಮಿರ್ಜಾನ್, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅವಕಾಶವಾಯಿತು. ಕಾರವಾರ, ಅಂಕೋಲಾ ಸೋದೆ ಅರಸರ ಕೈಯಲ್ಲಿದ್ದವು. 1799ರಲ್ಲಿ ಸೀಮೆಯೆಲ್ಲ ಬ್ರಿಟಿಷರ ವಶವಾಯಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ರಾಜಕೀಯ ಹೀಗೆ ಕೈಬದಲಾದರೂ ಧರ್ಮಸಭೆಯ ಆಡಳಿತದಲ್ಲಿ ಈ ಭಾಗ ಗೋವಾದ ಮಹಾಧರ್ಮಪ್ರಾಂತ್ಯದ ನೆರಳಲ್ಲೇ ಬಹುಕಾಲ ಉಳಿಯಿತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ, 1976ರ ಜನವರಿ 24ರಂದು ಅದರಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ್ಯ ಹುಟ್ಟಿದವು. ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ ಮೊದಲ ಬಿಷಪ್. ಅವರ ನಂತರ 2007ರಲ್ಲಿ ಡೆರೆಕ್ ಫೆರ್ನಾಂಡಿಸ್, 2024ರಲ್ಲಿ ದುಮಿಂಗ್ ಡಾಯಸ್ ಬಂದರು.

ಎರಡು ಅಧಿಕಾರ, ಒಂದು ಪಾಪನಿವೇದನೆ

ಶಾಸ್ತ್ರದ ಜಗಳ ಜನಸಾಮಾನ್ಯರ ಬದುಕಿಗೆ ಇಳಿದಾಗ ಏನಾಗುತ್ತದೆ ಎಂಬುದಕ್ಕೆ ಹದಿನೇಳನೆಯ ಶತಮಾನದ ಕನರಾ ಒಳ್ಳೆಯ ನಿದರ್ಶನ. ಪೂರ್ವ ದೇಶಗಳಲ್ಲಿ ಬಿಷಪ್‌ಗಳನ್ನು ಸೂಚಿಸುವ ಹಕ್ಕು ಪೋರ್ಚುಗಲ್ ದೊರೆಗೆ ಇತ್ತು. ಅದಕ್ಕೆ ಪದ್ರುವಾದೊ ಎಂದು ಹೆಸರು. 1622ರಲ್ಲಿ ರೋಮ್ ತನ್ನದೇ ಪ್ರೊಪಗಾಂಡ ಇಲಾಖೆಯನ್ನು ತೆರೆದು ನೇರವಾಗಿ ಪ್ರತಿನಿಧಿಗಳನ್ನು ಕಳಿಸತೊಡಗಿತು. ರೋಮಿನ ಪರವಾಗಿ ಗೋವಾ ಮೂಲದವರೇ ಆದ ಥೋಮಸ್ ಡಿ ಕ್ಯಾಸ್ಟ್ರೊ ಕನರಾಕ್ಕೆ ಬಂದರು. ಗೋವಾದ ಆರ್ಚ್‌ಬಿಷಪ್ ಅವರ ಅಧಿಕಾರವನ್ನು ಒಪ್ಪಲಿಲ್ಲ. ಅಧಿಕಾರವಿಲ್ಲದ ಪಾದ್ರಿಯ ಮುಂದೆ ಮಾಡಿದ ಪಾಪನಿವೇದನೆ ಸಲ್ಲುತ್ತದೆಯೇ, ಅವನ ಎದುರು ಆದ ಮದುವೆ ಮದುವೆಯೇ ಎಂಬ ಪ್ರಶ್ನೆಗಳು ದೈವಶಾಸ್ತ್ರಜ್ಞರಿಗೆ ಚರ್ಚೆಯ ವಸ್ತು. ಮಗಳನ್ನು ಧಾರೆಯೆರೆದು ಕೊಟ್ಟ ಬೇಸಾಯಗಾರನಿಗೆ ಅದು ಮಾನದ ಪ್ರಶ್ನೆ.

ಈ ಗೊಂದಲದ ನಡುವೆ 1681ರಲ್ಲಿ ಗೋವಾದ ಬೆನೌಲಿಂನ ಜೋಸೆಫ್ ವಾಜ್ ಕನರಾ ಮಿಷನ್ನಿನ ಮುಖ್ಯಸ್ಥರಾಗಿ ಬಂದರು. ಮೂರು ವರ್ಷ ಹೊನ್ನಾವರದಿಂದ ಮಂಗಳೂರಿನವರೆಗೆ ಓಡಾಡಿ ಶಾಲೆ, ಇಗರ್ಜಿಗಳ ಕೆಲಸ ನೋಡಿದರು, ಎರಡು ಬಣಗಳ ಜಗಳ ತಣ್ಣಗಾಗಿಸಲು ಯತ್ನಿಸಿದರು. 1684ರಲ್ಲಿ ಕ್ಯಾಸ್ಟ್ರೊ ತೀರಿಕೊಂಡರು. ವಾಜ್ ಗೋವಾಕ್ಕೆ ಹಿಂದಿರುಗಿ ಅಲ್ಲಿಂದ ಸಿಲೋನಿಗೆ ಹೋದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅಧಿಕಾರದ ವ್ಯಾಜ್ಯ ಮಾತ್ರ 1857 ಮತ್ತು 1886ರ ಒಪ್ಪಂದಗಳವರೆಗೂ ಎಳೆಯಿತು. ಯಾರ ಸಂಸ್ಕಾರ ಸಿಂಧು ಎಂದು ತೀರ್ಮಾನವಾಗುವ ಮೊದಲೇ ಹಲವು ತಲೆಮಾರುಗಳು ಹುಟ್ಟಿ, ಮದುವೆಯಾಗಿ, ಸತ್ತು ಹೋಗಿದ್ದವು.

1736ರ ಪಟ್ಟಿ

ರೂಢಿಗಳ ಚರಿತ್ರೆ ಬರೆಯುವವರಿಗೆ ಗೋವಾದ ಇನ್‌ಕ್ವಿಸಿಷನ್ 1736ರಲ್ಲಿ ಹೊರಡಿಸಿದ ಆಜ್ಞೆ ಬಹಳ ದೊಡ್ಡ ಆಕರ. ಅ. ಕಾ. ಪ್ರಿಯೋಳ್ಕರ್ 1961ರಲ್ಲಿ ಪ್ರಕಟಿಸಿದ ಗೋವಾ ಇನ್‌ಕ್ವಿಸಿಷನ್ ಕುರಿತ ಗ್ರಂಥ ಅದನ್ನು ವಿವರವಾಗಿ ಕೊಡುತ್ತದೆ. ಕ್ರೈಸ್ತರು ಮದುವೆಯಲ್ಲಿ ವೊವಿಯೊ ಹಾಡುಗಳನ್ನು ಹಾಡಕೂಡದು. ವೀಳ್ಯದೆಲೆ, ಅಡಿಕೆ, ಹೂವು ಕಳಿಸಕೂಡದು. ವಧೂವರರಿಗೆ ಅರಿಶಿನ, ತೆಂಗಿನೆಣ್ಣೆ, ಅಕ್ಕಿಹಿಟ್ಟು ಮುಂತಾದವನ್ನು ಕಲಸಿ ಹಚ್ಚಕೂಡದು. ಉಪ್ಪಿಲ್ಲದೆ ಅನ್ನ ಬೇಯಿಸಕೂಡದು. ಅಂಗಳದಲ್ಲಿ ತುಳಸಿ ನೆಡಕೂಡದು. ಗಂಡಸರು ಧೋತರ, ಹೆಂಗಸರು ಕುಪ್ಪಸ ತೊಡಕೂಡದು. ಜ್ಞಾನಸ್ನಾನವಾಗಿ ಇನ್ನೂರು ವರ್ಷ ಕಳೆದಿದ್ದರೂ ಜನ ಇವನ್ನೆಲ್ಲ ಬಿಟ್ಟಿರಲಿಲ್ಲ ಎಂಬುದಕ್ಕೆ ಈ ಆಜ್ಞೆಯೇ ಸಾಕ್ಷಿ. ನಿಷೇಧಿಸಲು ಕುಳಿತವರು ಜನಜೀವನದ ವಿವರವನ್ನು ಅಷ್ಟು ಮುತುವರ್ಜಿಯಿಂದ ದಾಖಲಿಸಿದ್ದರಿಂದ ಇಂದಿನ ಜಾನಪದ ಸಂಶೋಧಕರಿಗೆ ಉಪಕಾರವಾಗಿದೆ.

ಪಟ್ಟಿಯಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ನೋಡಿದರೆ ಒಂದು ಸೂತ್ರ ಸಿಗುತ್ತದೆ. ತುಳಸಿ ಹೋಯಿತು. ಅಂಗಳದಲ್ಲಿ ಅದರ ಜಾಗಕ್ಕೆ ಶಿಲುಬೆ ಬಂತು. ಗೋವಾದ ಹಳೆಯ ಮನೆಗಳ ಮುಂದಿನ ಎಷ್ಟೋ ಶಿಲುಬೆಗಳ ಕಟ್ಟೆ ತುಳಸಿಕಟ್ಟೆಯನ್ನೇ ಹೋಲುತ್ತದೆ. ಬೇರೆ ದೇವತೆಯ ಹೆಸರಿಗೆ ನೇರವಾಗಿ ಅಂಟಿಕೊಂಡ ವಸ್ತುವಿಗೆ ಎರಡನೆಯ ಅರ್ಥ ಕೊಡುವುದು ಕಷ್ಟ. ಲೇಪನ, ಹಾಡು, ಊಟ, ತೆನೆ ಇವುಗಳಿಗೆ ಆ ತೊಡಕಿಲ್ಲ. ಮನೆಯವರು ಒಂದು ಅರ್ಥದಲ್ಲಿ ಮಾಡಬಹುದು, ಪಾದ್ರಿ ಇನ್ನೊಂದು ಅರ್ಥದಲ್ಲಿ ನೋಡಿ ಸುಮ್ಮನಿರಬಹುದು. ಹೀಗೆ ಎರಡು ಅರ್ಥಗಳಿಗೂ ಒಗ್ಗಿದ ರೂಢಿಗಳೇ ಕರಾವಳಿಯಲ್ಲಿ ಬಾಳಿಕೊಂಡವು.

ರೊಸ್ ಇದಕ್ಕೆ ಮೊದಲ ಉದಾಹರಣೆ. ಮದುವೆಯ ಮುನ್ನಾದಿನ ವಧುವಿಗೆ ಅವಳ ಮನೆಯಲ್ಲಿ, ವರನಿಗೆ ಅವನ ಮನೆಯಲ್ಲಿ ತೆಂಗಿನಕಾಯಿಯ ಹಾಲು ಹಚ್ಚಿ ಮೀಯಿಸುವ ಶಾಸ್ತ್ರವಿದು. ಹಿರಿಯ ಹೆಂಗಸರು ಮುಂದಾಗಿ ನಿಂತು ವೊವಿಯೊ ಹಾಡುತ್ತಾರೆ. ಹಾಡು ಶಿಲುಬೆಯ ಗುರುತಿನಿಂದ, ದೇವರ ಸ್ಮರಣೆಯಿಂದ ಶುರುವಾಗಿ ಆಮೇಲೆ ತಾಯಿಯ ಕಣ್ಣೀರು, ನಾದಿನಿಯ ಕೀಟಲೆ, ತವರಿನ ಅಗಲಿಕೆಗೆ ಹೊರಳುತ್ತದೆ. ಪಾದ್ರಿ ಇರಲೇಬೇಕೆಂದಿಲ್ಲ. ಲ್ಯಾಟಿನ್ ಪರಂಪರೆಯ ದೈವಶಾಸ್ತ್ರದಲ್ಲಿ ಮದುವೆಯೆಂಬ ಸಂಸ್ಕಾರವನ್ನು ಒಬ್ಬರಿಗೊಬ್ಬರು ಕೊಡುವವರು ವಧೂವರರೇ. 1563ರಲ್ಲಿ ಟ್ರೆಂಟ್ ಮಹಾಸಭೆ ಅದಕ್ಕೆ ಪಾದ್ರಿ ಮತ್ತು ಸಾಕ್ಷಿಗಳ ಹಾಜರಿಯನ್ನು ಕಡ್ಡಾಯ ಮಾಡಿತು. ಈ ಲೆಕ್ಕದಲ್ಲಿ ರೊಸ್‌ಗೆ ಸಿಂಧುತ್ವವೂ ಇಲ್ಲ, ಅಸಿಂಧುತ್ವವೂ ಇಲ್ಲ. ಅದು ಕೇವಲ ಸಂಪ್ರದಾಯ. ಮನೆಯವರ ಲೆಕ್ಕ ಬೇರೆ. ಕನ್ಯತ್ವದಿಂದ ಗೃಹಸ್ಥಾಶ್ರಮಕ್ಕೆ ದಾಟುವ ಹೊಸ್ತಿಲು ಅದು. ರೊಸ್ ಆದ ಮೇಲೆ ಹುಡುಗಿಯನ್ನು ಒಬ್ಬಳನ್ನೇ ಹೊರಗೆ ಬಿಡುವುದಿಲ್ಲ ಎನ್ನುವ ಅಜ್ಜಿಯರಿಗೆ ಟ್ರೆಂಟ್ ಮಹಾಸಭೆಯ ಮಾತು ಬೇಕಾಗಿಲ್ಲ.

ಪುರಾಣದ ರೂಪದಲ್ಲಿ ದೈವಶಾಸ್ತ್ರ

ಶಾಸ್ತ್ರವೇ ರೂಢಿಯ ಕಡೆಗೆ ನಡೆದು ಬಂದ ಪ್ರಸಂಗಗಳೂ ಇವೆ. ಇಂಗ್ಲೆಂಡಿನಿಂದ ಗೋವಾಕ್ಕೆ ಬಂದ ಜೆಸ್ವಿತ್ ಪಾದ್ರಿ ಥೋಮಸ್ ಸ್ಟೀಫನ್ಸ್ (1549–1619) ಸಾಲ್ಸೆಟ್ಟಿನ ಕ್ರೈಸ್ತರಿಗಾಗಿ ಬೈಬಲ್ಲಿನ ಕಥೆಯನ್ನು ಓವಿ ಛಂದಸ್ಸಿನಲ್ಲಿ, ಮರಾಠಿ ಪುರಾಣಗಳ ಧಾಟಿಯಲ್ಲಿ ಬರೆದರು. 1616ರಲ್ಲಿ ಅಚ್ಚಾದ ಈ ಕ್ರಿಸ್ತಪುರಾಣ ಸುಮಾರು 11,000 ಓವಿಗಳ ಗ್ರಂಥ. ಆ ಕಾಲದ ಮುದ್ರಣದ ಪ್ರತಿಗಳು ಉಳಿದಿಲ್ಲ. 1907ರಲ್ಲಿ ಮಂಗಳೂರಿನಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂತು. ಮತಾಂತರದಿಂದ ಪುರಾಣ ಕೇಳುವ ಸುಖ ತಪ್ಪಿಹೋದ ಜನರಿಗೆ ಕೂತು ಕೇಳಲು ಒಂದು ಪುರಾಣ ಬೇಕು ಎಂದು ಸ್ಟೀಫನ್ಸ್ ಅರಿತಿದ್ದರು. ತ್ರಿತ್ವ, ಅವತಾರ, ಪಾಪಪರಿಹಾರ ಎಂಬ ತತ್ವಗಳು ಅಲ್ಲಿ ಕಥೆಯ ಒಳಗೆ, ಗುರುಶಿಷ್ಯರ ಪ್ರಶ್ನೋತ್ತರದಲ್ಲಿ ಬರುತ್ತವೆ. ಅವರ ಕೊಂಕಣಿ ಧರ್ಮೋಪದೇಶದ ಪುಸ್ತಕ ಅವರು ತೀರಿಕೊಂಡ ಮೇಲೆ 1622ರಲ್ಲಿ ಪ್ರಕಟವಾಯಿತು. ಇಂಥ ಪ್ರಯತ್ನಕ್ಕೆ ಆಡಳಿತದ ಬೆಂಬಲ ಹೆಚ್ಚು ಕಾಲ ಉಳಿಯಲಿಲ್ಲ. 1684ರಲ್ಲಿ ಗೋವಾದ ವೈಸರಾಯ್ ಮೂರು ವರ್ಷಗಳೊಳಗೆ ಜನ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಮಾಡಿದ. ಕೊಂಕಣಿ ಉಳಿದಿದೆ, ಆಜ್ಞೆ ದಫ್ತರದಲ್ಲಿದೆ.

ಸತ್ತವರಿಗೆ ಊಟ

ಶಾಸ್ತ್ರ ಮತ್ತು ರೂಢಿ ಅತ್ಯಂತ ಹತ್ತಿರ ಬರುವುದೂ ಅತ್ಯಂತ ದೂರ ನಿಲ್ಲುವುದೂ ಸತ್ತವರ ವಿಷಯದಲ್ಲಿ. ಕಥೋಲಿಕ ಬೋಧನೆಯಂತೆ ಕೃಪೆಯಲ್ಲಿ ಸತ್ತರೂ ಪೂರ್ತಿ ಶುದ್ಧವಾಗದ ಆತ್ಮಗಳು ಉತ್ತರಿಸುವ ಸ್ಥಳದಲ್ಲಿ ಶುದ್ಧಿ ಪಡೆಯುತ್ತವೆ. 1439ರ ಫ್ಲಾರೆನ್ಸ್ ಮಹಾಸಭೆ ಇದನ್ನು ಸೂತ್ರವಾಗಿ ಹೇಳಿತು. 1563ರಲ್ಲಿ ಟ್ರೆಂಟ್ ಮತ್ತೆ ದೃಢಪಡಿಸಿತು. ಬದುಕಿರುವವರ ಬಲಿಪೂಜೆ, ಪ್ರಾರ್ಥನೆ, ದಾನಗಳಿಂದ ಆ ಆತ್ಮಗಳಿಗೆ ನೆರವಾಗುತ್ತದೆ. ಆತ್ಮಕ್ಕೆ ಹಸಿವಿಲ್ಲ, ಅದು ಮನೆಗೆ ಬಂದು ಉಣ್ಣುವುದಿಲ್ಲ. ಶಾಸ್ತ್ರ ಇಲ್ಲಿಗೆ ನಿಲ್ಲುತ್ತದೆ.

ಗೋವಾ ಮೂಲದ ಕಥೋಲಿಕರಲ್ಲಿ ಮದುವೆಗೆ ಮೊದಲು ಮನೆಯ ಗತಿಸಿದ ಹಿರಿಯರ ಹೆಸರಿನಲ್ಲಿ ಭಿಕ್ಷುಕರನ್ನು ಕರೆದು ಉಣಿಸುವ ರೂಢಿಯಿದೆ. ಬಂದವರನ್ನು ಅಂದು ಭಿಕ್ಷುಕರಂತೆ ಕಾಣುವುದಿಲ್ಲ; ಅತಿಥಿಗಳಂತೆ ಕೂರಿಸಿ, ಮನೆಯವರಿಗಿಂತ ಮೊದಲು ಬಡಿಸುತ್ತಾರೆ. ಹಿರಿಯರು ಅವರ ರೂಪದಲ್ಲಿ ಬಂದು ಉಂಡು ಮದುವೆಯನ್ನು ಹರಸುತ್ತಾರೆ ಎಂಬುದು ಭಾವನೆ. ನೆರೆಯ ಹಿಂದೂ ಮನೆಯ ಶ್ರಾದ್ಧಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರೂ ಹೇಳಲಾರರು. ಆದರೂ ಪಾದ್ರಿ ತಡೆಯಬೇಕಿಲ್ಲ, ಏಕೆಂದರೆ ಬಡವರಿಗೆ ಅನ್ನ ಹಾಕುವುದು ದಾನ. ದಾನದ ಪುಣ್ಯ ಸತ್ತವರಿಗೆ ಸಲ್ಲುತ್ತದೆಂದು ಫ್ಲಾರೆನ್ಸ್ ಮಹಾಸಭೆಯೇ ಹೇಳಿದೆ. ಒಂದೇ ಎಲೆಯ ಊಟವನ್ನು ಮನೆಯವರು ಹಿರಿಯರಿಗೆ ಬಡಿಸುತ್ತಾರೆ, ಧರ್ಮಸಭೆ ಬಡವರಿಗೆ ಬಡಿಸಿದ್ದೆಂದು ಎಣಿಸುತ್ತದೆ. ನವೆಂಬರ್ 2ರ ಮೃತರ ಸ್ಮರಣೆಯ ದಿನವೂ ಹೀಗೆ: ಪಾದ್ರಿ ಸಮಾಧಿಗಳಿಗೆ ತೀರ್ಥ ಚಿಮುಕಿಸುತ್ತಾರೆ, ಮನೆಯವರು ಹುಲ್ಲು ಕಿತ್ತು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಅಜ್ಜನಿಗೋ ಅಮ್ಮನಿಗೋ ಮನೆಯ ಸುದ್ದಿ ಹೇಳುತ್ತಾರೆ.

ಘಟ್ಟದ ಮೇಲಿನ ಸಿದ್ದಿಗಳಲ್ಲಿ ಈ ಹೊಂದಾಣಿಕೆ ಅಷ್ಟು ಸುಲಭವಲ್ಲ. ಅವರ ಧಾರ್ಮಿಕ ಬದುಕಿನ ನಡುಗಂಬ ಹಿರಿಯರ ಪೂಜೆ. ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಭೇದ ಅದರ ಮೇಲೆ ಬಂದ ಪದರ. ಹಲವು ಕ್ರೈಸ್ತ ಸಿದ್ದಿ ಕುಟುಂಬಗಳು ಭಾನುವಾರ ಇಗರ್ಜಿಗೆ ಹೋಗುತ್ತವೆ, ಹಿರಿಯರಿಗೆ ತೆಂಗಿನಕಾಯಿ ಇಟ್ಟು ಎಡೆ ಕೊಡುವುದನ್ನೂ ನಡೆಸುತ್ತವೆ. ಯಲ್ಲಾಪುರ ತಾಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸ ಎಂಬ ದೈವದ ಸ್ಥಾನವಿದೆ. ವರ್ಷಕ್ಕೊಮ್ಮೆ ಅಲ್ಲಿ ಮೂರೂ ಧರ್ಮದ ಸಿದ್ದಿಗಳು ಸೇರುತ್ತಾರೆ. ಸಿದ್ದಿಗಳ ಡಮಾಮಿ ಕುಣಿತಕ್ಕೂ ಧರ್ಮದ ಗಡಿ ಇಲ್ಲ. ಕರಾವಳಿಯ ಭಿಕ್ಷುಕರ ಊಟಕ್ಕೆ ದೊರೆತ ಎರಡನೆಯ ಅರ್ಥ ಇಲ್ಲಿಯ ಎಡೆಗೆ ಸುಲಭವಾಗಿ ದೊರೆಯದು. ಹಿರಿಯರು ಎಂದರೆ ಹಿರಿಯರೇ. ಘಾನಾ ಮೂಲದ ವಿದ್ವಾಂಸ ಪಾಶಿಂಗ್ಟನ್ ಒಬೆಂಗ್ 2007ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಕರ್ನಾಟಕದ ಸಿದ್ದಿಗಳು ಧರ್ಮಗಳ ನಡುವೆ ತಮ್ಮ ಗುರುತನ್ನು ಹೇಗೆ ಕಟ್ಟಿಕೊಂಡರೆಂದು ವಿವರಿಸಿದ್ದಾರೆ. ಮುಂಡಗೋಡಿನಲ್ಲಿ ಜೆಸ್ವಿತರು ನಡೆಸುವ ಲೊಯೋಲ ವಿಕಾಸ ಕೇಂದ್ರ ಸಿದ್ದಿ, ಗೌಳಿ, ಲಂಬಾಣಿ ಸಮುದಾಯಗಳ ಶಿಕ್ಷಣ ಮತ್ತು ಸಂಘಟನೆಯ ಕೆಲಸಕ್ಕೆ ಇಳಿದದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ. ಅಲ್ಲಿ ಉಪದೇಶಕ್ಕಿಂತ ಶಾಲೆಯ ಹಾಜರಿ ಮುಂದೆ ಬಂತು.

ತೆನೆ, ಶಿಲುಬೆ, ಕಡಲು

ಸೆಪ್ಟೆಂಬರ್ 8 ಧರ್ಮಸಭೆಯ ಪಂಚಾಂಗದಲ್ಲಿ ಮರಿಯಮ್ಮನವರ ಜನ್ಮದಿನ. ಕನರಾದ ಕೊಂಕಣಿ ಕಥೋಲಿಕರಿಗೆ ಅದು ತೆನೆ ಹಬ್ಬವೂ ಹೌದು. ಹೊಸ ಭತ್ತದ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯವರೆಲ್ಲ ಕೂತು ಹೊಸ ಅಕ್ಕಿಯನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಉಣ್ಣುತ್ತಾರೆ. ಗೋವಾದ ಕೆಲವು ಊರುಗಳಲ್ಲಿ ಇದೇ ಆಚರಣೆ ಆಗಸ್ಟ್ ತಿಂಗಳಲ್ಲೇ ಆಗುತ್ತದೆ, ಏಕೆಂದರೆ ಅದನ್ನು ನಿಶ್ಚಯಿಸುವುದು ಸಂತರ ಚರಿತ್ರೆಯಲ್ಲ, ಗದ್ದೆ. ಹಿಂದೂ ನೆರೆಹೊರೆಯವರ ಹೊಸತು ಊಟಕ್ಕೂ ಇದಕ್ಕೂ ಇರುವ ಸಾಮ್ಯ ಎದ್ದು ಕಾಣುತ್ತದೆ. ಬೈಬಲ್ಲಿನ ಯಾಜಕಕಾಂಡದಲ್ಲಿ ಪ್ರಥಮ ಫಲದ ಅರ್ಪಣೆಯ ವಿಧಿ ಇರುವುದರಿಂದ ಪಾದ್ರಿಗೂ ಇಕ್ಕಟ್ಟಿಲ್ಲ. ಈಗ ಗದ್ದೆ ಬಿಟ್ಟವರ ಮನೆಗೂ ತೆನೆ ಹೋಗುತ್ತದೆ.

ಶಿಲುಬೆಗಳು ಇಗರ್ಜಿಯೊಳಗೆ ಮಾತ್ರ ಇಲ್ಲ. ಗೋವಾ, ಕಾರವಾರ ಪಟ್ಟಿಯಲ್ಲಿ ದಾರಿ ಕೂಡುವಲ್ಲಿ, ತೋಟದ ಅಂಚಿನಲ್ಲಿ, ಕಡಲ ಬದಿಯಲ್ಲಿ ಬಿಳಿ ಬಣ್ಣದ ಖುರಿಸ್ ಕಾಣುತ್ತದೆ. ಅದರ ಮುಂದೆ ಸಂಜೆ ಹೊತ್ತು ಕೇರಿಯವರು ಸೇರಿ ಲದಿನ್ ಹಾಡುತ್ತಾರೆ. ಲದಿನ್ ಎಂದರೆ ಮರಿಯಮ್ಮನವರ ಸ್ತುತಿಮಾಲೆ. ಲ್ಯಾಟಿನ್ನಿನಲ್ಲಿ, ಪಿಟೀಲು ಇದ್ದರೆ ಅದರ ಜೊತೆ, ಎರಡು ಮೂರು ಸ್ವರ ಕೂಡಿಸಿ ಹಾಡುವುದು ಪದ್ಧತಿ. ಲ್ಯಾಟಿನ್ ಅರ್ಥವಾಗದ ಬಡಗಿ, ಹಡಗಿನ ಅಡುಗೆಯವ, ಟೈಲರ್ ಅದನ್ನು ಬಾಯಿಪಾಠದಲ್ಲಿ ತಲೆಮಾರುಗಳ ಕಾಲ ಉಳಿಸಿದರು. ಕೊನೆಗೆ ಬೇಯಿಸಿದ ಕಡಲೆ ಹಂಚುತ್ತಾರೆ, ಕೆಲವೆಡೆ ಸ್ವಲ್ಪ ಫೆನ್ನಿಯೂ ಇರುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಪೂಜೆಯನ್ನು ಜನರ ಭಾಷೆಗೆ ತಂದು ಇಗರ್ಜಿಯೊಳಗೆ ಲ್ಯಾಟಿನ್ ಸದ್ದಡಗಿದ ಮೇಲೂ ಬೀದಿಯ ಶಿಲುಬೆಯ ಮುಂದೆ ಲ್ಯಾಟಿನ್ ಕೇಳಿಸುತ್ತಲೇ ಇತ್ತು. ಪಂಡಿತರ ಭಾಷೆಯನ್ನು ಪಂಡಿತರೇ ಬಿಟ್ಟ ಮೇಲೆ ಪಾಮರರು ಕಾಪಾಡಿದ ಅಪರೂಪದ ಪ್ರಸಂಗವಿದು.

ಜಾಗದ ಮಹಿಮೆಯ ವಿಷಯದಲ್ಲಿ ಅಂಜದೀವ್ ದ್ವೀಪದ ಕಥೆ ದೊಡ್ಡದು. ಕಾರವಾರದ ಬಿಣಗಾ ತೀರಕ್ಕೆ ತೀರ ಹತ್ತಿರವಿದ್ದರೂ ಅದು ಆಡಳಿತದಲ್ಲಿ ಗೋವಾಕ್ಕೆ ಸೇರಿದೆ. ವಾಸ್ಕೊ ಡ ಗಾಮ 1498ರಲ್ಲಿ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಕೋಟೆ ಕಟ್ಟಿಸಿದ. ಅಲ್ಲಿಯ ಬ್ರೋತಸ್ ಮಾತೆಯ ಇಗರ್ಜಿಗೆ ಫೆಬ್ರುವರಿ 2ರ ಹಬ್ಬಕ್ಕೆ ಗೋವಾ ಮತ್ತು ಕಾರವಾರದ ಭಕ್ತರು ದೋಣಿಯಲ್ಲಿ ಹೋಗುತ್ತಿದ್ದರು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆ ನಡೆದಾಗ ಈ ದ್ವೀಪ ಹಿಡಿಯುವಲ್ಲಿ ಭಾರತೀಯ ನೌಕಾಪಡೆಯ 7 ಮಂದಿ ಪ್ರಾಣ ಕೊಟ್ಟರು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಯೋಜನೆಗೆ ಕಾರವಾರ, ಅಂಕೋಲಾ ತಾಲೂಕುಗಳ ಹಳ್ಳಿಗಳು ಜಾಗ ಬಿಟ್ಟುಕೊಟ್ಟವು. ದ್ವೀಪವೂ ನೌಕಾನೆಲೆಯ ಭಾಗವಾಗಿ ತಡೆಗೋಡೆಯಿಂದ ನೆಲಕ್ಕೆ ಕೂಡಿಕೊಂಡಿತು. ಜನರಿಗೆ ದಾರಿ ಮುಚ್ಚಿತು. ದೈವಶಾಸ್ತ್ರದ ಪ್ರಕಾರ ಇದರಿಂದ ಏನೂ ನಷ್ಟವಿಲ್ಲ. ಪರಮಪ್ರಸಾದ ಎಲ್ಲಿ ಅರ್ಪಣೆಯಾದರೂ ಅದೇ ಪರಮಪ್ರಸಾದ. ಅದೇ ಮಾತೆಗೆ ಕಾರವಾರದ ಕಥೆದ್ರಾಲಿನಲ್ಲೂ ಮೊರೆ ಹೋಗಬಹುದು. ಆದರೆ ಹರಕೆ ಹೊತ್ತದ್ದು ಆ ದ್ವೀಪದ ಆ ಮಾತೆಗೆ. ಗೋವಾದ ಭಕ್ತರು ಹಬ್ಬಕ್ಕೆ ಅನುಮತಿ ಬೇಕೆಂದು ಸರ್ಕಾರದ ಬಾಗಿಲು ತಟ್ಟಿದ್ದು ಅದಕ್ಕಾಗಿಯೇ.

ಹರಕೆಯ ದಾರಿಯಲ್ಲಿ ಧರ್ಮದ ಬೇಲಿ ಗಟ್ಟಿಯಿಲ್ಲ. ಹಳೆಯ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ದರ್ಶನ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ಕಳೆದ ಸಲದ್ದು 2024ರ ನವೆಂಬರ್‌ನಿಂದ 2025ರ ಜನವರಿಯವರೆಗೆ. ಅಲ್ಲಿ ಸಾಲಿನಲ್ಲಿ ನಿಲ್ಲುವವರಲ್ಲಿ ಹಿಂದೂಗಳು ಕಡಿಮೆಯಿಲ್ಲ. ಮಾಪ್ಸಾದ ಮಿಲಾಗ್ರಿಸ್ ಮಾತೆಯನ್ನು ಹಿಂದೂಗಳು ಲಯರಾಯಿ ದೇವಿಯ ತಂಗಿಯೆಂದು ನಂಬಿ ಎಣ್ಣೆ ಅರ್ಪಿಸುತ್ತಾರೆ. ಅಕ್ಕತಂಗಿ ದೇವತೆಯರ ಸಂಬಂಧ ಕರಾವಳಿಯ ಎಲ್ಲ ಊರುಗಳಿಗೂ ಪರಿಚಿತ. ಹೊಸದಾಗಿ ಬಂದ ಮಾತೆಗೂ ಅದರಲ್ಲಿ ಜಾಗ ಸಿಕ್ಕಿತು.

ರೋಮ್ ಮತ್ತು ಬೆಂಗಳೂರು

ಇಂಥ ರೂಢಿಗಳ ಬಗ್ಗೆ ಮೇಲಿನವರ ನಿಲುವು ಒಂದೇ ರೀತಿ ಇರಲಿಲ್ಲ. ಮದುರೆಯ ಜೆಸ್ವಿತ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಜನಿವಾರ, ಜುಟ್ಟು, ಗಂಧಗಳನ್ನು ಲೌಕಿಕ ಗುರುತುಗಳೆಂದು ವಾದಿಸಿ 1623ರಲ್ಲಿ ಪೋಪರಿಂದ ಒಪ್ಪಿಗೆ ಪಡೆದರು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಈ ಸಡಿಲಿಕೆಗಳಿಗೆ ತೆರೆ ಎಳೆದರು, ಪಾದ್ರಿಗಳು ಅದರಂತೆ ಪ್ರಮಾಣ ಮಾಡಬೇಕಾಯಿತು. ಆ ಪ್ರಮಾಣ ರದ್ದಾದದ್ದು 1940ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಚೀನಾದ ಕ್ರೈಸ್ತರಿಗೆ ಪೂರ್ವಿಕರನ್ನು ಗೌರವಿಸಲು ರೋಮ್ ಅನುಮತಿ ಕೊಟ್ಟಿತ್ತು.

ವ್ಯಾಟಿಕನ್ ಮಹಾಸಭೆಯ ನಂತರ ಬೆಂಗಳೂರು ಈ ಪ್ರಯೋಗಗಳ ಕೇಂದ್ರವಾಯಿತು. 1967ರಲ್ಲಿ ಅಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರವನ್ನು ಕಟ್ಟಿದ ಡಿ. ಎಸ್. ಅಮಲೋರ್ಪವದಾಸ್ ಪೂಜೆಗೆ ಭಾರತೀಯ ರೂಪ ಕೊಡುವ 12 ಅಂಶಗಳ ಹಿಂದಿದ್ದರು. 1969ರ ಏಪ್ರಿಲ್‌ನಲ್ಲಿ ರೋಮ್ ಅದಕ್ಕೆ ಸಮ್ಮತಿಸಿತು: ನೆಲದ ಮೇಲೆ ಕೂರುವುದು, ಅಂಜಲಿ ಮುಗಿಯುವುದು, ಪಂಚಾಂಗ ಪ್ರಣಾಮ, ಅಂಗವಸ್ತ್ರ, ಎಣ್ಣೆಯ ದೀಪ, ಆರತಿ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ಹೀಗೆ ಆರಿಸಿದ ಭಾರತೀಯತೆ ಬಹುಮಟ್ಟಿಗೆ ಸಂಸ್ಕೃತ ಮೂಲದ್ದು, ಆಶ್ರಮದ್ದು. ಇಗರ್ಜಿಗೆ ಚಪ್ಪಲಿ ಬಿಟ್ಟು ಹೋಗಿ, ರೊಸ್ ಹಾಡಿ, ತೆನೆ ಉಂಡು, ಡಮಾಮಿ ಕುಣಿದು ತಾವಾಗಿಯೇ ಭಾರತೀಯರಾಗಿದ್ದ ಕರಾವಳಿ ಮತ್ತು ಘಟ್ಟದ ಕ್ರೈಸ್ತರಿಗೆ ಬೆಂಗಳೂರಿನ ಆರತಿ ಹೊರಗಿನಿಂದ ಬಂದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಶಾಸ್ತ್ರಜ್ಞರ ದೇಶೀಕರಣವೂ ಒಂದು ಬಗೆಯ ಅಮೂರ್ತ ಶಾಸ್ತ್ರವಾಗಬಲ್ಲದು.

2001ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ಜನಪದ ಭಕ್ತಿ ಮತ್ತು ಪೂಜಾವಿಧಿಯ ಕುರಿತ ಮಾರ್ಗದರ್ಶಿಯನ್ನು ಹೊರತಂದು, ಪೂಜಾವಿಧಿಯೇ ಮೊದಲು ಎನ್ನುತ್ತಲೇ ಜನರ ಭಕ್ತಿಗೂ ಗೌರವದ ಜಾಗ ಕೊಟ್ಟಿತು. ಪೋಪ್ ಫ್ರಾನ್ಸಿಸ್ 2013ರ ತಮ್ಮ ಪ್ರಬೋಧನೆಯಲ್ಲಿ ಮುಂದೆ ಹೋಗಿ, ಜನಪದ ಭಕ್ತಿಯಿಂದ ದೈವಶಾಸ್ತ್ರ ಕಲಿಯುವುದಿದೆ ಎಂದರು. ಇದಕ್ಕೆ ಲ್ಯಾಟಿನ್ ಅಮೆರಿಕದ ಹಿನ್ನೆಲೆಯಿದೆ. ಪೆರು ದೇಶದ ಗುಸ್ತಾವೊ ಗುಟಿಯೆರ್ರೆಸ್ 1971ರಲ್ಲೇ ಬದುಕು ಮೊದಲು, ದೈವಶಾಸ್ತ್ರ ಅದರ ಮೇಲಿನ ಚಿಂತನೆ ಎಂದು ವಾದಿಸಿದ್ದರು.

    

ಅಧ್ಯಯನಗಳು

ಸ್ಥಳೀಯ ಚರಿತ್ರೆಯನ್ನು ಮೊದಲು ವಿಸ್ತಾರವಾಗಿ ಬರೆದವರು ಜಿಲ್ಲೆಯವರೇ ಆದ ಪಾದ್ರಿ ಸೆವೆರಿನ್ ಸಿಲ್ವಾ. ಕನರಾದ ಕ್ರೈಸ್ತಧರ್ಮದ ಚರಿತ್ರೆಯ ಅವರ ಮೊದಲ ಸಂಪುಟ 1957ರಲ್ಲಿ ಬಂತು. ಅವರು ಸ್ಟೀಫನ್ ಫುಕ್ಸ್ ಜೊತೆಗೂಡಿ ದಕ್ಷಿಣ ಕನ್ನಡದ ಕ್ರೈಸ್ತರ ಮದುವೆಯ ಪದ್ಧತಿಗಳ ಮೇಲೆ 1965ರಲ್ಲಿ ಪ್ರಕಟಿಸಿದ ದೀರ್ಘ ಲೇಖನ ರೊಸ್‌ನಂಥ ರೂಢಿಗಳನ್ನು ತೀರ್ಪು ಕೊಡದೆ ದಾಖಲಿಸುತ್ತದೆ. 1736ರ ಆಜ್ಞೆಯ ಪಕ್ಕದಲ್ಲಿಟ್ಟು ಓದಿದರೆ ಕಾಲ ಎಷ್ಟು ಬದಲಾಗಿದೆ ಎಂಬುದು ತಿಳಿಯುತ್ತದೆ: ಪಾದ್ರಿಗಳೇ ಬರೆದ ಅವೇ ವಿವರಗಳು, ಉದ್ದೇಶ ಮಾತ್ರ ತದ್ವಿರುದ್ಧ. ಗೋವಾದ ಬಗ್ಗೆ ರೊವೆನಾ ರಾಬಿನ್‌ಸನ್ (1998) ಮತ್ತು ಬೀದಿಯ ಶಿಲುಬೆಗಳ ಬಗ್ಗೆ ಅಲೆಗ್ಸಾಂಡರ್ ಹೆನ್ (2014) ಬರೆದ ಪುಸ್ತಕಗಳು ಕಾರವಾರಕ್ಕೂ ಬಹಳಷ್ಟು ಅನ್ವಯಿಸುತ್ತವೆ. ನ್ಯೂಯಾರ್ಕಿನ ಇಟಾಲಿಯನ್ ಕೇರಿಯ ಮರಿಯಮ್ಮನ ಹಬ್ಬದ ಮೇಲೆ ರಾಬರ್ಟ್ ಓರ್ಸಿ 1985ರಲ್ಲಿ ಬರೆದ ಕೃತಿ ಇಂಥ ಅಧ್ಯಯನಗಳಿಗೆ ಜಗತ್ತಿನೆಲ್ಲೆಡೆ ದಾರಿ ಮಾಡಿತು.

ಜಾತಿ ಮತ್ತು ಕಾನೂನು

ಎರಡು ಅರ್ಥ ಕೊಟ್ಟು ಸುಮ್ಮನಿರಲು ಆಗದ ರೂಢಿಯೊಂದಿದೆ: ಜಾತಿ. ಕ್ರಿಸ್ತನಲ್ಲಿ ಒಂದಾದವರಿಗೆ ಯೆಹೂದಿ, ಗ್ರೀಕ, ದಾಸ, ಸ್ವತಂತ್ರ ಎಂಬ ಭೇದವಿಲ್ಲವೆಂದು ಪೌಲರು ಗಲಾತ್ಯದವರಿಗೆ ಬರೆದರು. ಶಾಸ್ತ್ರದಲ್ಲಿ ಇದಕ್ಕೆ ಅಪವಾದವಿಲ್ಲ. ಗೋವಾದಿಂದ ಬಂದವರು ಮಾತ್ರ ಬಾಮಣ್, ಚಾರೊಡಿ, ಸುದಿರ್ ಎಂಬ ಭೇದಗಳನ್ನೂ ಜೊತೆಗೇ ತಂದರು. ಗೋವಾದ ಇಗರ್ಜಿಗಳ ಭಕ್ತಸಂಘಗಳಲ್ಲೂ ಹಬ್ಬದ ಗೌರವಗಳಲ್ಲೂ ಅವು ಶತಮಾನಗಳ ಕಾಲ ಎದ್ದು ಕಂಡವು. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿ 1883ರಲ್ಲಿ ಬಂದ ಮುಂಬಯಿ ಗೆಜೆಟಿಯರಿನ ಕನರಾ ಸಂಪುಟ ಇಲ್ಲಿಯ ಕ್ರೈಸ್ತರನ್ನು ಒಳಜಾತಿಗಳ ಸಮೇತ ವರ್ಣಿಸುತ್ತದೆ. ಈಗ ಪೀಠದ ಮುಂದೆ ಭೇದವಿಲ್ಲ. ಮದುವೆ ಮಾತುಕತೆಯಲ್ಲಿ ಇನ್ನೂ ಇಣುಕುತ್ತದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ದಲಿತ ದೈವಶಾಸ್ತ್ರದ ಬೀಜ ಬಿತ್ತಿದ್ದು, ಅನುಭವವನ್ನು ಬಿಟ್ಟ ಶಾಸ್ತ್ರ ಮೇಲ್ಜಾತಿಯ ತತ್ವಜ್ಞಾನವಾಗಿಬಿಡುತ್ತದೆ ಎಂಬ ಆಕ್ಷೇಪದಿಂದ.

ಸರ್ಕಾರದ ಕಾಗದದಲ್ಲಿ ಈ ಪ್ರಶ್ನೆ ವಿಚಿತ್ರ ರೂಪ ತಾಳಿದೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಸೀಮಿತವಾಗಿತ್ತು; 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು, ಕ್ರೈಸ್ತರು ಮತ್ತು ಮುಸ್ಲಿಮರು ಹೊರಗುಳಿದರು. ಜ್ಞಾನಸ್ನಾನ ಪಡೆದವನಿಗೆ ಜಾತಿಯಿಲ್ಲ ಎಂಬ ಪೌಲರ ಮಾತನ್ನು ಅಕ್ಷರಶಃ ಒಪ್ಪಿದ್ದು ಧರ್ಮಸಭೆಗಿಂತ ಹೆಚ್ಚಾಗಿ ಈ ಆದೇಶ ಎನ್ನಬೇಕು. ಪರಿಶಿಷ್ಟ ಪಂಗಡದ ಪಟ್ಟಿ ಧರ್ಮ ಕೇಳುವುದಿಲ್ಲ. ಹಾಗಾಗಿ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಅದಕ್ಕೆ ಸೇರಿದಾಗ ಹಳಿಯಾಳದ ಕ್ರೈಸ್ತ ಸಿದ್ದಿಗೂ ಯಲ್ಲಾಪುರದ ಹಿಂದೂ ಸಿದ್ದಿಗೂ ಒಂದೇ ಪ್ರಮಾಣಪತ್ರ ಸಿಕ್ಕಿತು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ ಬರುತ್ತಾರೆ. ಧರ್ಮ ಬದಲಿಸಿದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಕೊಡಬೇಕೇ ಎಂಬುದನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು.